ಬಿಳಿ ಹಲಗೆ

ಸತ್ಯಮಿತ್ರರು ಬಣ್ಣದ ಡಬ್ಬಿಯನ್ನು ಚಮಚದ ಹಿಡಿಯಿಂದ ಮೀಟುತ್ತಿದ್ದರು. ಒಣಗಿದ ಬಣ್ಣ ಅಂಟಿಕೊಂಡು ಡಬ್ಬಿ ತೆರೆಯುತ್ತಿರಲಿಲ್ಲ.

"ಇಲ್ಲಿ ಕೊಡಿ," ಎಂದು ಬಡಗಿ ವಿಷ್ಣುಮೂರ್ತಿ ಅದನ್ನು ತೆಗೆದುಕೊಂಡರು. ಆದರೆ ಅವರೂ ತೆರೆಯಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ನಿಂತುಬಿಟ್ಟರು.

ಇಬ್ಬರ ಎದುರಿಗೆ, ಕೀಲ್ಪಾಕಿನ ಪ್ರಾರ್ಥನಾಶ್ರಮದ ಜಗಲಿಯ ಗೋಡೆಗೆ, ಸುಗುಣಾ ಟೀಚರ ಶವಪೆಟ್ಟಿಗೆಯ ಮುಚ್ಚಳ ಒರಗಿ ನಿಂತಿತ್ತು. ವಿಷ್ಣುಮೂರ್ತಿ ಬೆಳಗಾಗುವ ಹೊತ್ತಿಗೆ ಅದಕ್ಕೆ ಬಿಳಿ ಬಣ್ಣ ಬಳಿದು ಒಣಗಲು ಇಟ್ಟಿದ್ದರು. ಈಗ ಅದರ ಮೇಲೆ ಒಂದು ಹಳದಿ ಆಟೋ, ಮೂರು ಕಾಗೆ, ಹಬೆಯಾಡುವ ಇಡ್ಲಿಯ ತಟ್ಟೆ ಮತ್ತು ಹಸಿರು ಬಣ್ಣದ ಸೂರ್ಯ ಇದ್ದವು. ಆಟೋದ ಚಕ್ರ ಇನ್ನೂ ಹಸಿಯಾಗಿತ್ತು.

"ನಾಲ್ಕು ಗಂಟೆಗೆ ಪ್ರಾರ್ಥನೆ," ಎಂದರು ಸತ್ಯಮಿತ್ರರು. "ಪಾದ್ರಿಗಳು ಬರ್ತಾರೆ, ಸಭೆಯ ಹಿರಿಯರೆಲ್ಲ ಬರ್ತಾರೆ. ಇದನ್ನು ನೋಡಿ ಎಂತ ಹೇಳಿಯಾರು? ಈಗ ಒಂದು ಕೋಟ್ ಹೊಡೆದರೆ ಮೂರಕ್ಕೆ ಒಣಗ್ತದೆ."

"ಒಣಗ್ತದೆ ಮಾರಾಯ್ರೆ. ಈ ಬಿಸಿಲಿಗೆ ನಾನೂ ಒಣಗ್ತೇನೆ."

"ಮತ್ತೆ ಎಂತಕ್ಕೆ ನಿಂತದ್ದು?"

"ಪೆಟ್ಟಿಗೆ ನಾನು ಮಾಡಿದ್ದು. ಅಳಿಸುವ ಕೆಲಸ ಬೇಕಾದರೆ ನೀವೇ ಮಾಡಿ. ನೀವು ಟೀಚರ ಅಣ್ಣ."

ಚಿತ್ರ ಬರೆದ ಮಕ್ಕಳ ತಪ್ಪು ಎಂದು ಹೇಳುವುದು ಕಷ್ಟವಿತ್ತು. ಪ್ರತಿ ಮೇ ತಿಂಗಳು ಇಲ್ಲಿ ಬೇಸಿಗೆಯ ವಾರ ನಡೆಯುತ್ತದೆ. ಹತ್ತಿಪ್ಪತ್ತು ಕುಟುಂಬಗಳು ಬಂದು ಏಳು ದಿನ ತಂಗುತ್ತವೆ. ಬೆಳಗಿನ ಪ್ರಾರ್ಥನೆಯ ನಂತರ ಜಲಜಾಕ್ಷಿ ಟೀಚರ್ ಹಾಡು ಕಲಿಸುತ್ತಾರೆ, ವಿಷ್ಣುಮೂರ್ತಿ ಮರಗೆಲಸ ಹೇಳಿಕೊಡುತ್ತಾರೆ. ಚಿತ್ರಕ್ಕೆ ಸುಗುಣಾ ಟೀಚರ್. ಅವರು ಯಾರಿಗೂ ಕಾಗದ ಕೊಡುತ್ತಿರಲಿಲ್ಲ. ಹಳೆಯ ಹಲಗೆಗಳಿಗೆ ದಿನವೂ ತಾವೇ ಬಿಳಿ ಬಳಿದು ಇದೇ ಗೋಡೆಗೆ ಸಾಲಾಗಿ ಒರಗಿಸುತ್ತಿದ್ದರು. ಅವರ ತರಗತಿಗೆ ಇದ್ದದ್ದು ಒಂದೇ ನಿಯಮ: ಬಿಳಿ ಹಲಗೆ ಕಂಡರೆ ಯಾರನ್ನೂ ಕೇಳಬೇಡಿ, ಬರೆಯಿರಿ.

ಇಪ್ಪತ್ತಾರು ವರ್ಷ ಹೀಗೆ ನಡೆದಿತ್ತು. ನಿನ್ನೆ, ವಾರದ ನಾಲ್ಕನೆಯ ದಿನ, ಮಧ್ಯಾಹ್ನ ಕುಂಚ ತೊಳೆಯುತ್ತಿದ್ದವರು ನಲ್ಲಿಯ ಕಟ್ಟೆಯ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಇವತ್ತು ದೊಡ್ಡವರೆಲ್ಲ ಅಳುವುದರಲ್ಲಿ, ಫೋನು ಮಾಡುವುದರಲ್ಲಿ ಇದ್ದಾಗ, ಮಕ್ಕಳು ಎಂದಿನಂತೆ ಒಂಬತ್ತು ಗಂಟೆಗೆ ಗೋಡೆಯ ಬಳಿಗೆ ಬಂದಿದ್ದರು. ಒಂದೇ ಒಂದು ಬಿಳಿ ಹಲಗೆ ಇತ್ತು.

*

ಪುರಸೈವಾಕ್ಕಂನ ಮನೆಯಲ್ಲಿ, ಅಪ್ಪ ತೀರಿಕೊಂಡ ವರ್ಷ, ಸತ್ಯಮಿತ್ರನಿಗೆ ಹತ್ತೊಂಬತ್ತು, ಸುಗುಣಾಳಿಗೆ ಹನ್ನೆರಡು. ಕ್ರಿಸ್ಮಸ್ಸಿಗೆ ಅವನು ತಾನೇ ನಿಂತು ಮನೆಗೆ ಸುಣ್ಣ ಹೊಡೆಸಿದ್ದ. ಮರುದಿನವೇ ತಂಗಿ ನಡುಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಹಸು ಬರೆದಳು. ಬೀದಿಯ ಬಟ್ಟೆಯಂಗಡಿಗಳ ಮುಂದೆ ಅಡ್ಡ ಮಲಗುತ್ತಿದ್ದ ಅದೇ ಮುದಿ ಹಸು. ಮನೆಯವರೆಲ್ಲ ನಿಂತು ನೋಡಿದರು. ಅಮ್ಮ ಸಹ ಬಹಳ ದಿನಗಳ ಮೇಲೆ ನಕ್ಕಳು.

ಯಜಮಾನಿಕೆ ಹೊಸತಾಗಿ ಹೆಗಲೇರಿದ್ದ ಹುಡುಗನಿಗೆ ಆ ನಗು ಸಹಿಸಲಾಗಲಿಲ್ಲ. ಸುಣ್ಣ ಕಲಸಿದ. ತಂಗಿಯ ಕೈಯಲ್ಲೇ ಬಕೆಟ್ ಹಿಡಿಸಿ ಹಸುವನ್ನು ಅಳಿಸಿದ. ಅವಳು ಬಕೆಟ್ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

ಸುಣ್ಣಕ್ಕೆ ಇದ್ದಿಲನ್ನು ಪೂರ್ತಿ ಮುಚ್ಚಲು ಆಗುವುದಿಲ್ಲ. ಪ್ರತಿ ಮಳೆಗಾಲ ಗೋಡೆ ತೇವವಾದಾಗ ಹಸುವಿನ ಒಂದು ಕಣ್ಣು ಎದ್ದು ಬರುತ್ತಿತ್ತು. ಸತ್ಯಮಿತ್ರ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ.

*

ಜಲಜಾಕ್ಷಿ ಟೀಚರ್ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಜಗಲಿಗೆ ಬಂದರು. ಹಿಂದೆ ಆರು ವರ್ಷದ ಅನ್ವಿತಾ ಇದ್ದಳು. ಅವಳ ಮೊಣಕೈವರೆಗೂ ಹಳದಿ ಬಣ್ಣ.

"ಸತ್ಯಣ್ಣ, ಈ ಮಗುವಿಗೆ ನಿಮ್ಮ ಹತ್ತಿರ ಮಾತಾಡಬೇಕಂತೆ. ತಮಿಳಲ್ಲೇ ಹೇಳ್ತದೆ, ಬೈಬೇಡಿ."

"ತಾತಾ, ಆಟೋ ನಾನ್ ತಾನ್ ವರೈಂಜೇನ್," ಎಂದಳು ಅನ್ವಿತಾ. ಆಟೋ ಬರೆದದ್ದು ತಾನೇ ಎಂದು ಒಪ್ಪಿಕೊಂಡು, "ಟೀಚರ್‌ಕು ಕಾಲ್ ವಲಿಕ್ಕುಮ್ ಇಲ್ಲ?" ಎಂದು ಕೇಳಿದಳು.

"ಟೀಚರಿಗೆ ಕಾಲು ನೋವಲ್ವಾ, ಅದಕ್ಕೆ ಆಟೋ ಅಂತೆ," ಎಂದರು ಜಲಜಾಕ್ಷಿ.

ಸತ್ಯಮಿತ್ರರು ವಿಷ್ಣುಮೂರ್ತಿಯ ಕಡೆಗೆ ಕೈ ಚಾಚಿದರು. "ಡಬ್ಬಿ ಕೊಡಿ."

ವಿಷ್ಣುಮೂರ್ತಿ ಕೊಟ್ಟರು.

"ಒಂದು ಮಾತು ಹೇಳ್ತೇನೆ, ಆಮೇಲೆ ನಿಮ್ಮಿಷ್ಟ," ಎಂದರು ಜಲಜಾಕ್ಷಿ. "ಒಂದು ವರ್ಷ ಮಣಲಿಯ ಪೆಟ್ರೋಲ್ ರಿಫೈನರಿಯಲ್ಲಿ ಕೆಲಸ ಮಾಡುವವರು ಒಬ್ಬರು ಬಂದಿದ್ದರು. ಹೆಂಡತಿ ತೀರಿಹೋಗಿ ಒಂದು ತಿಂಗಳು ಆಗಿತ್ತು. ಮೂರು ದಿನ ಹಲಗೆ ಮುಂದೆ ಕೈ ಕಟ್ಟಿ ಕೂತರು. ಸುಗುಣಾ ಒಂದು ಮಾತೂ ಕೇಳ್ಲಿಲ್ಲ, ದಿನಾ ಹಲಗೆ ಬಿಳಿ ಮಾಡಿ ಎದುರಿಗೆ ಇಡೋದು, ಪಕ್ಕದಲ್ಲಿ ಕೂರೋದು. ನಾಲ್ಕನೇ ದಿನ ಅವರು ಬರೀ ಪೈಪು ಬರೆದರು. ಪೈಪು, ಪೈಪು, ಕೊನೆಗೆ ಒಂದು ಚಿಮಣಿ. ನಾನು ನಕ್ಕುಬಿಟ್ಟೆ. ಅವಳು ಅದನ್ನು ತಗೊಂಡು ಹೋಗಿ ಚಾಪೆಲಿನಲ್ಲಿ ಶಿಲುಬೆ ಪಕ್ಕ ಇಟ್ಟಳು. ಇವತ್ತೂ ಉಂಟು, ಹೋಗಿ ನೋಡಿ. ನೀವು ಯಾವತ್ತು ಬಂದಿದ್ದೀರಿ ನೋಡ್ಲಿಕ್ಕೆ?"

"ಅವಳು ಕರೀಲಿಲ್ಲ."

"ಕರೀಲಿಲ್ವಾ? ವರ್ಷವರ್ಷ ಕಾರ್ಡು ನನ್ನ ಕೈಯಲ್ಲೇ ಪೋಸ್ಟ್ ಮಾಡಿಸಿದ್ದಾಳೆ."

ಸತ್ಯಮಿತ್ರರು ತಲೆ ತಗ್ಗಿಸಿದರು. ಕಾರ್ಡುಗಳು ಬಂದಿದ್ದವು. ಇಪ್ಪತ್ತಾರೂ ಬಂದಿದ್ದವು. ಪ್ರತಿಯೊಂದರಲ್ಲೂ ಒಂದೇ ಸಾಲು ಇತ್ತು: ಅಣ್ಣ, ಒಂದು ಹಲಗೆ ನಿನಗೂ ಇಟ್ಟಿರ್ತೇನೆ. ಹಳೆಯ ಹಸುವನ್ನು ನೆನಪಿಸಿ ಚುಚ್ಚಿ ಆಡುತ್ತಿದ್ದಾಳೆ ಎಂದುಕೊಂಡು ಅವರು ಒಂದಕ್ಕೂ ಉತ್ತರ ಬರೆದಿರಲಿಲ್ಲ.

ಡಬ್ಬಿಯನ್ನು ನೆಲಕ್ಕಿಟ್ಟು ಅವರು ಮುಚ್ಚಳದ ಹತ್ತಿರ ಹೋದರು. ಅನ್ವಿತಾ ಜೊತೆಗೆ ಬಂದು, ಕಾಗೆಗಳ ಕೆಳಗೆ ಉಳಿದಿದ್ದ ಅಂಗೈಯಗಲದ ಬಿಳಿಯನ್ನು ತೋರಿಸಿದಳು. "ತಾತಾ, ಇಂಗ ಇಡಂ ಇರುಕ್ಕು." ಇಲ್ಲಿ ಜಾಗ ಇದೆ.

ಕಿಟಕಿಯ ಕಟ್ಟೆಯ ಮೇಲೆ ಸುಗುಣಾಳ ಕುಂಚಗಳ ಡಬ್ಬಿ ಇತ್ತು. ಅದರೊಳಗೆ ಇದ್ದಿಲಿನ ತುಂಡು. ಸತ್ಯಮಿತ್ರರು ಅದನ್ನು ಎತ್ತಿಕೊಂಡರು. ಎಪ್ಪತ್ತನಾಲ್ಕು ವರ್ಷದಲ್ಲಿ ಅವರು ಚಿತ್ರ ಎಂದು ಏನನ್ನೂ ಬರೆದವರಲ್ಲ. ಒಂದು ಗೆರೆ ಎಳೆದರು, ಅದು ಸೊಟ್ಟಗಾಯಿತು. ಕೆಳಗೆ ಇನ್ನೊಂದು ಎಳೆದರು. ನಡುವೆ ಒಂದು ಗುಂಡನೆಯ ಕಪ್ಪು.

"ಇದು ಎನ್ನ?" ಇದೇನು ಎಂದಳು ಅನ್ವಿತಾ.

"ಹಸು."

"ಉಡಂಬು?" ಮೈ ಎಲ್ಲಿ ಎಂದು ಕೇಳಿತು ಮಗು.

"ಒಳಗೆ ಉಂಟು," ಎಂದರು ಸತ್ಯಮಿತ್ರರು.

ವಿಷ್ಣುಮೂರ್ತಿ ಬಣ್ಣದ ಡಬ್ಬಿಯನ್ನು ಎತ್ತಿಕೊಂಡು ಸದ್ದಿಲ್ಲದೆ ತಮ್ಮ ಕೆಲಸದ ಕೋಣೆಗೆ ಹೋದರು.

*

ನಾಲ್ಕಕ್ಕೆ ಪ್ರಾರ್ಥನೆಯಾಯಿತು. ಜಲಜಾಕ್ಷಿ ಟೀಚರ್ ಎರಡನೆಯ ಚರಣದಲ್ಲಿ ಹಾಡು ನಿಲ್ಲಿಸಿದರು, ಮಕ್ಕಳು ಮುಂದುವರಿಸಿದರು. ಸಭೆಯ ಹಿರಿಯರು ಮುಚ್ಚಳವನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಸಾಲಿನಲ್ಲಿ ಅಣ್ಣನೇ ನಿಂತಿದ್ದುದರಿಂದ ಯಾರೂ ಏನೂ ಕೇಳಲಿಲ್ಲ.

ಹೊರಡುವಾಗ ಪಾದ್ರಿಗಳು ಪೆಟ್ಟಿಗೆಯ ಮೇಲಿಡಲು ಮಲ್ಲಿಗೆಯ ಶಿಲುಬೆಯನ್ನು ಸತ್ಯಮಿತ್ರರ ಕೈಗೆ ಕೊಟ್ಟರು. ಅವರು ಬಗ್ಗಿ ಆಟೋದ ಮೇಲೆ ಹಿಡಿದರು, ತೆಗೆದರು. ಇಡ್ಲಿಯ ಮೇಲೆ ಹಿಡಿದರು, ತೆಗೆದರು. ಎಲ್ಲಿಟ್ಟರೂ ಒಂದಲ್ಲ ಒಂದು ಚಿತ್ರ ಮುಚ್ಚಿಹೋಗುತ್ತಿತ್ತು. ಕೊನೆಗೆ ಶಿಲುಬೆಯನ್ನು ಎದೆಗೆ ಹಿಡಿದುಕೊಂಡೇ ಸ್ಮಶಾನದವರೆಗೆ ನಡೆದರು. ಮಲ್ಲಿಗೆಯ ತೇವ ಅವರ ಬಿಳಿ ಅಂಗಿಗೆ ಇಳಿಯಿತು.

ಪೆಟ್ಟಿಗೆ ಕೆಳಗೆ ಇಳಿದ ಮೇಲೆ ಮೊದಲ ಹಿಡಿ ಮಣ್ಣು ಅವರದು. ಕುಣಿಯ ಅಂಚಿಗೆ ಬಂದು ಮಂಡಿಯೂರಿ, ಮಣ್ಣನ್ನು ಪೆಟ್ಟಿಗೆಯ ಬದಿಗೆ, ಕುಣಿಯ ಗೋಡೆಯ ಗುಂಟ, ನಿಧಾನವಾಗಿ ಬಿಟ್ಟರು. ಹಿಂದೆ ಬಂದ ವಿಷ್ಣುಮೂರ್ತಿ ಹಾಗೆಯೇ ಬದಿಗೆ ಬಿಟ್ಟರು. ಜಲಜಾಕ್ಷಿಯೂ ಹಾಗೆಯೇ. ಸಾಲಿನಲ್ಲಿ ಬಂದ ಮಕ್ಕಳೂ, ಕೊನೆಗೆ ಹಿರಿಯರೂ.

ಮಣ್ಣು ಸುತ್ತಲೂ ಏರುತ್ತಿದ್ದರೂ, ಬಹಳ ಹೊತ್ತು, ಕೆಳಗಿನಿಂದ ಹಸುವಿನ ಕಣ್ಣು ಮೇಲೆ ನೋಡುತ್ತಿತ್ತು.