ಮೆಟ್ರೋದಲ್ಲಿ ಕೇಳಬಾರದ ಪ್ರಶ್ನೆ

ದಿನನಿತ್ಯದ ರೂಢಿಯೊಂದನ್ನು ಮುರಿಯಿರಿ, ಹತ್ತು ಜನ ಅಪರಿಚಿತರು ಏನು ಮಾಡುತ್ತಾರೆಂದು ಬರೆದುಕೊಂಡು ಬನ್ನಿ ಎಂದು ಸಮಾಜಶಾಸ್ತ್ರದ ರತ್ನಾ ಮೇಡಂ ಹೇಳಿದ್ದೇ ತಡ, ತರಗತಿಯವರೆಲ್ಲ ಹುರುಪಿನಿಂದ ಹೊರಟರು. ಒಬ್ಬ ಲಿಫ್ಟಿನಲ್ಲಿ ಗೋಡೆಗೆ ಮುಖ ಮಾಡಿ ನಿಂತ. ಇನ್ನೊಬ್ಬಳು ಬಿಸಿಲೂ ಇಲ್ಲದ, ಮಳೆಯೂ ಇಲ್ಲದ ಸಂಜೆ ಮಾರ್ಕೆಟ್ಟಿನ ತುಂಬ ಕೊಡೆ ಹಿಡಿದು ತಿರುಗಿದಳು. ದಾವಣಗೆರೆಯ ಧಾರಿಣಿಗೆ ಮಾತ್ರ ಕೈಕಾಲೇ ಆಡಲಿಲ್ಲ. ದಿಲ್ಲಿಗೆ ಬಂದು ಮೂರು ತಿಂಗಳಾದರೂ ಒಬ್ಬರ ಜೊತೆಗೂ ಬಾಯ್ತುಂಬ ಮಾತಾಡದ ಹುಡುಗಿ ಅದು! ಇದೊಂದು ಕೈಲಾಗದಿದ್ದರೆ ಎಂ.ಎ. ಬಿಟ್ಟು ಊರಿಗೆ ಬಂದುಬಿಡುತ್ತೇನೆಂದು ಅಮ್ಮನಿಗೆ ಹೇಳಿಯೂ ಆಗಿತ್ತು.

ಕೊನೆಗೆ ಅವಳಿಗೆ ಹೊಳೆದದ್ದು ಊಟದ ಪ್ರಶ್ನೆ. ನಮ್ಮ ಕಡೆ "ಊಟ ಆಯ್ತಾ?" ಅನ್ನುವುದೇನು ಮಹಾ? ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತೇವೆ, ಉತ್ತರಕ್ಕೂ ಕಾಯುವುದಿಲ್ಲ. ದಿಲ್ಲಿ ಮೆಟ್ರೋದಲ್ಲಿ ಕೇಳಿ ನೋಡಿ, ಆಮೇಲೆ ಹೇಳಿ.

ಶುಕ್ರವಾರ ಮಧ್ಯಾಹ್ನ ಪೀತಮ್‌ಪುರಾದ ಕಡೆ ಹೋಗುವ ಗಾಡಿಯಲ್ಲಿ ಮಹಿಳೆಯರ ಬೋಗಿ ಹತ್ತಿ ಶುರು ಮಾಡಿದಳು. "ಖಾನಾ ಖಾಯಾ ಆಪ್‌ನೇ?" ಮೊದಲನೆಯವಳು ಬ್ಯಾಗನ್ನು ಎದೆಗೆ ಅವಚಿಕೊಂಡಳು. ಎರಡನೆಯವಳು ಎದ್ದು ಬಾಗಿಲ ಹತ್ತಿರ ಹೋದಳು. ಇನ್ನೊಬ್ಬಳು ಇಯರ್‌ಫೋನ್ ಕಿತ್ತು, "ನಾನು ನಿಮಗೆ ಗೊತ್ತಾ?" ಎಂದು ಹಿಂದಿಯಲ್ಲಿ ಗದರಿದಳು. ಕಾರಣ ಹೇಳುವಂತಿಲ್ಲ, ಅದು ಮೇಡಂ ಹಾಕಿದ ಷರತ್ತು. ಒಂಬತ್ತು ಜನ ಮುಗಿಯುವಷ್ಟರಲ್ಲಿ ಧಾರಿಣಿಗೆ ಸಾಕೋ ಸಾಕಾಗಿತ್ತು. ಈ ಊರಿನ ಸಹವಾಸವೇ ಬೇಡ, ನಾಳೆಯೇ ಹೊರಡುತ್ತೇನೆ ಅಂದುಕೊಂಡಳು.

ಹತ್ತನೆಯವಳು ಫ್ಯಾಕ್ಟರಿಯ ನೀಲಿ ಸಮವಸ್ತ್ರ ತೊಟ್ಟ ನಡುವಯಸ್ಸಿನ ಹೆಂಗಸು, ಮಡಿಲಲ್ಲಿ ಟಿಫಿನ್ ಚೀಲ. ಪ್ರಶ್ನೆ ಕಿವಿಗೆ ಬಿದ್ದದ್ದೇ ಅವಳು ಧಾರಿಣಿಯ ಮುಖವನ್ನು ದಿಟ್ಟಿಸಿದಳು.

"ನಂದಾಯ್ತು ಬೇಟಾ. ನೀನೇ ಏನೂ ತಿಂದಿಲ್ಲ, ಅಲ್ವಾ?"

ನೋಡಿ, ನಮ್ಮಲ್ಲಿ ಹೊಟ್ಟೆ ತುಂಬಿದವರೇ ಈ ಪ್ರಶ್ನೆ ಕೇಳುವುದು. ಹಸಿದವಳು ಬಾಯಿಬಿಟ್ಟು ಹೇಳಲಾರದೆ ಹೀಗೆ ಕೇಳುತ್ತಿದ್ದಾಳೆ ಎಂದು ಆ ತಾಯಿ ತಿಳಿದಳು. ತಿಳಿದದ್ದು ತಪ್ಪೂ ಅಲ್ಲ, ಹೆದರಿಕೆಯಲ್ಲಿ ಬೆಳಗಿನಿಂದ ಧಾರಿಣಿ ಒಂದು ಗುಟುಕು ಚಹಾ ಕೂಡ ಕುಡಿದಿರಲಿಲ್ಲ. ತಿಂದೆ ಎನ್ನಲು ಬಾಯಿ ತೆರೆದರೆ ಅಳು ಬಂತು.

"ಅರೇ! ಇಲ್ಲಿ ತಿನ್ನೋ ಹಾಗಿಲ್ಲ. ಚಲೋ, ಇಳಿ." ಹೆಂಗಸು ಕೈ ಹಿಡಿದು ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿಯೇಬಿಟ್ಟಳು.

"ನಿಮ್ಮ ಸ್ಟೇಷನ್ ಇದೇನಾ?"

"ಅಲ್ಲ. ಅದಕ್ಕೇನೀಗ? ಇನ್ನೊಂದು ಗಾಡಿ ಬರುತ್ತೆ."

ಹೊರಗೆ ಕಟ್ಟೆಯ ಮೇಲೆ ಕೂತು ಉಳಿದಿದ್ದ ಎರಡು ಪರಾಠಾ ತಿನ್ನುತ್ತ ಧಾರಿಣಿ ಎಲ್ಲವನ್ನೂ ಹೇಳಿದಳು. ಹೆಂಗಸು ಬಿದ್ದು ಬಿದ್ದು ನಕ್ಕಳು. "ಅಚ್ಛಾ, ಇದನ್ನ ಕಲಿಯೋಕೂ ಕಾಲೇಜಾ? ನಾನು ದಿನಾ ಇದೇ ಹೊತ್ತಿಗೆ, ಇದೇ ಬೋಗಿಯಲ್ಲಿ ಬರ್ತೀನಿ. ಸೋಮವಾರ ನಿನಗೂ ಒಂದು ಡಬ್ಬಿ ಕಟ್ಟಿಕೊಂಡು ಬರ್ತೀನಿ, ತಪ್ಪಿಸಬೇಡ."

ಅವಳ ಗಾಡಿ ಹೋದ ಮೇಲೆ ಧಾರಿಣಿ ಊರಿಗೆ ಫೋನ್ ಹಚ್ಚಿದಳು.

"ಯಾವತ್ತು ಬರ್ತೀಯೇ?" ಎಂದರು ಅಮ್ಮ.

"ಇಲ್ಲಮ್ಮ, ಈಗ ಬರೋಕಾಗಲ್ಲ. ಸೋಮವಾರ ಮೆಟ್ರೋದಲ್ಲಿ ಒಬ್ರು ನನಗೋಸ್ಕರ ಕಾಯ್ತಿರ್ತಾರೆ."