ಮಗಳಿಗೆ ಕೊಡಲಾಗದ ವಿಷ

ನಾನೊಂದು ಕಪ್ಪೆ. ನಿಮ್ಮ ಹೆಬ್ಬೆರಳಿನ ತುದಿಯಷ್ಟಿದ್ದೇನೆ, ಮೈಯೆಲ್ಲ ಕೆಂಡದ ಬಣ್ಣ. ನನಗೆ ವಿಷದ ಕಪ್ಪೆ ಎಂದು ಹೆಸರಿಟ್ಟವರು ನೀವು. ಇಟ್ಟುಕೊಳ್ಳಿ. ಆ ವಿಷವನ್ನು ನನ್ನಿಂದ ಕಿತ್ತುಕೊಂಡವರೂ ನೀವೇ. ಆ ಸಿಟ್ಟು ಇನ್ನೂ ಆರಿಲ್ಲ.

ಹುಟ್ಟಿದ್ದು ಈಕ್ವೆಡಾರ್ ದೇಶದ ಮಳೆಕಾಡಿನಲ್ಲಿ, ತರಗೆಲೆಯ ಮೇಲಿನ ಮೊಟ್ಟೆಯಲ್ಲಿ. ಮೊಟ್ಟೆ ಒಣಗದಂತೆ ಅಪ್ಪ ಕಾವಲು ಕಾದ. ಗೊದಮೊಟ್ಟೆಯಾಗಿ ಹೊರಬಂದ ನನ್ನನ್ನು ಅವ್ವ ಬೆನ್ನ ಮೇಲೆ ಹೊತ್ತು ಮರ ಹತ್ತಿದಳು. ಕೊಂಬೆಗೆ ಅಂಟಿಕೊಂಡು ಅನಾನಸಿನ ಜಾತಿಯ ಗಿಡವೊಂದಿತ್ತು. ಅದರ ಎಲೆಯ ಬುಡದಲ್ಲಿ ನಾಲ್ಕು ಚಮಚ ನೀರು. ಅದೇ ನನ್ನ ತೊಟ್ಟಿಲು. ಎರಡು ಮೂರು ದಿನಕ್ಕೊಮ್ಮೆ ಅವ್ವ ಬಂದರೆ ನಾನು ಬಾಲ ಅಲ್ಲಾಡಿಸಿ ಹಸಿವು ಹೇಳುತ್ತಿದ್ದೆ. ತಿನ್ನಲೆಂದೇ ಒಂದು ಬರಡು ಮೊಟ್ಟೆ ಇಟ್ಟು ಹೋಗುತ್ತಿದ್ದಳು. ಆ ಮೊಟ್ಟೆಯಲ್ಲಿ ಅವಳ ವಿಷವೂ ಇತ್ತು. ಮಗುವಿಗೆ ವಿಷ ಹಾಕಿದ ತಾಯಿಯನ್ನು ನೀವು ಜೈಲಿಗೆ ಹಾಕುತ್ತೀರಿ. ನಮ್ಮಲ್ಲಿ ವಿಷ ಕೊಡದವಳು ತಾಯಿಯೇ ಅಲ್ಲ. ಒಮ್ಮೆ ಜೇಡವೊಂದು ನನ್ನನ್ನು ಕಚ್ಚಿದ್ದೇ ತಡ, ಥೂ ಎಂದು ಬಿಟ್ಟು ಓಡಿತು.

ದೊಡ್ಡವಳಾದ ಮೇಲೆ ವಿಷವನ್ನು ನಾನೇ ಸಂಪಾದಿಸಿದೆ. ಅದು ಮೈಯಲ್ಲಿ ತಾನಾಗಿ ಹುಟ್ಟುವುದಲ್ಲ. ಆ ಕಾಡಿನ ಇರುವೆಗಳನ್ನೂ ನುಸಿಗಳನ್ನೂ ತಿಂದು ಕೂಡಿಸಿಕೊಳ್ಳಬೇಕು. ನನಗೂ ಮಕ್ಕಳಾದವು. ಕೊನೆಯದನ್ನು ಎಲೆಯ ನೀರಿಗೆ ಬಿಟ್ಟು ಇಳಿಯುತ್ತಿದ್ದಾಗ ಕೈಗವಸು ಹಾಕಿದ ಕೈಯೊಂದು ನನ್ನನ್ನು ಹಿಡಿಯಿತು. ಪ್ಲಾಸ್ಟಿಕ್ ಡಬ್ಬಿ, ಅದನ್ನು ಬಚ್ಚಿಟ್ಟ ಕಾಲುಚೀಲ, ಎರಡು ವಿಮಾನ. ದಾರಿಯುದ್ದಕ್ಕೂ ಒಂದೇ ಯೋಚನೆ: ಅಲ್ಲಿ ಕೂಸು ಬಾಲ ಅಲ್ಲಾಡಿಸುತ್ತಿದೆ, ಯಾರು ಹೋಗುತ್ತಾರೆ? ಯಾರೂ ಹೋಗಿರುವುದಿಲ್ಲ. ನನ್ನನ್ನು ಹಿಡಿದ ಕೈ ಸೇದಿಹೋಗಲಿ.

ಬಂದು ಬಿದ್ದದ್ದು ಹುಬ್ಬಳ್ಳಿಯಲ್ಲಿ, ಟೈಲ್ಸ್ ಅಂಗಡಿಯ ಸಂಕಣ್ಣನ ಮನೆಯ ಗಾಜಿನ ಪೆಟ್ಟಿಗೆಗೆ. ಜೊತೆಗೊಂದು ಗಂಡುಕಪ್ಪೆ, ಒಂದು ಗಿಡ, ಮೇಲೊಂದು ಬೋರ್ಡು: "ಸಾವಿನ ಕಪ್ಪೆ". ಬಂದವರಿಗೆಲ್ಲ ಸಂಕಣ್ಣ ಕೈಗವಸು ಏರಿಸಿ ಹೇಳುತ್ತಿದ್ದ, "ಮುಟ್ಟಬ್ಯಾಡ್ರಿ, ಮುಟ್ಟಿದ್ರ ಅಲ್ಲೇ ಗೊಟಕ್."

ನನ್ನ ಊಟ ನೋಡಿಕೊಳ್ಳುತ್ತಿದ್ದವಳು ಅವನ ಅವ್ವ ನೀಲವ್ವ. ಕೊಳೆತ ಬಾಳೆಹಣ್ಣಿನ ಬಾಟಲಿಯಲ್ಲಿ ಸಣ್ಣ ನೊಣ ಬೆಳೆಸಿ ದಿನಾ ಬೆಳಿಗ್ಗೆ ಉದುರಿಸುತ್ತಿದ್ದಳು. ಹೊಟ್ಟೆ ತುಂಬುತ್ತಿತ್ತು. ಆದರೆ ಬಾಳೆಹಣ್ಣಿನ ನೊಣದಲ್ಲಿ ಎಲ್ಲಿಯ ವಿಷ? ಎರಡು ವರ್ಷದಲ್ಲಿ ನನ್ನದೆಲ್ಲ ಖಾಲಿಯಾಯಿತು. ಬಣ್ಣ ಮಾತ್ರ ಉಳಿಯಿತು.

ಆ ಪೆಟ್ಟಿಗೆಯಲ್ಲೇ ಮಗಳೊಬ್ಬಳು ಹುಟ್ಟಿದಳು. ಅವಳನ್ನು ಬೆನ್ನ ಮೇಲೆ ಹೊತ್ತು ಗಿಡ ಹತ್ತಿದೆ, ಮೊಟ್ಟೆ ಇಟ್ಟು ಬೆಳೆಸಿದೆ, ಇದನ್ನಾದರೂ ಉಳಿಸಿಕೊಳ್ಳುತ್ತೇನೆಂದು ಹಟ ಹಿಡಿದೆ. ಆದರೆ ಮೊಟ್ಟೆಯೊಳಗೆ ಹಾಕಲು ನನ್ನಲ್ಲಿ ಏನಿತ್ತು? ಅವಳಿಗೆ ಕಾಲು ಮೂಡಿ ಬಾಲ ಕರಗಿದ ವಾರವೇ ಸಂಕಣ್ಣ ಬೀಗರನ್ನು ಕರೆದ. ಫೋಟೊ ತೆಗೆಯಲೆಂದು ಮುಚ್ಚಳ ತೆಗೆದವನು ಊಟಕ್ಕೆ ಕರೆದರೆಂದು ಹಾಗೇ ಬಿಟ್ಟು ಹೋದ.

ಟ್ಯೂಬ್‌ಲೈಟಿನ ಹಿಂದಿನಿಂದ ಹಲ್ಲಿ ಇಳಿಯಿತು. ಮಗಳು ಓಡಲಿಲ್ಲ. ನಮ್ಮ ಕುಲದಲ್ಲಿ ಯಾರೂ ಓಡುವುದಿಲ್ಲ. ಬಣ್ಣ ತೋರಿಸಿ ಸುಮ್ಮನೆ ಕೂರುತ್ತೇವೆ. ಹಲ್ಲಿ ಬಾಯಿ ಹಾಕಿತು. ಈಗ ಉಗುಳುತ್ತದೆ, ಈಗ ಉಗುಳುತ್ತದೆ ಎಂದು ನಾನು ಕಾದೆ.

ಹಲ್ಲಿ ಉಗುಳಲಿಲ್ಲ.

ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ ನೀಲವ್ವ ಸಂಜೆ ಮಗನನ್ನು ಕೇಳಿದಳು, "ಎಪ್ಪಾ, ಇಷ್ಟ್ ವಿಷ ಐತಿ ಅಂತಿದ್ದಿ. ಮರಿ ತಿಂದ ಹಲ್ಲಿ ಆರಾಮ್ ಕುಂತೈತಲ್ಲೋ."

ಸಂಕಣ್ಣ ಯಾರಿಗೋ ಫೋನ್ ಮಾಡಿ, ಆ ಕಾಡಿನ ಇರುವೆ ತಿನ್ನದ ಕಪ್ಪೆಗೆ ವಿಷ ಇರುವುದಿಲ್ಲವೆಂದು ತಿಳಿದುಕೊಂಡ. ಕೈಗವಸು ಬಿಚ್ಚಿ ನನ್ನನ್ನು ಬರಿಗೈಯಲ್ಲೇ ಎತ್ತಿ ನೋಡಿದ. ನನ್ನ ಜನ್ಮದಲ್ಲಿ ಅಷ್ಟು ಅವಮಾನ ಎಂದೂ ಆಗಿರಲಿಲ್ಲ.

"ಹಂಗಾರ ಆ ಬೋರ್ಡ್ ತಗಿ," ಅಂದಳು ನೀಲವ್ವ.

"ಇರ್ಲಿ ಬಿಡವ್ವಾ. ಬಂದವರಿಗೇನ್ ಗೊತ್ತಾಕ್ಕೈತಿ?"

ಬೋರ್ಡು ಇದೆ. ಬಂದವರು ಈಗಲೂ ಹೆದರಿ ದೂರ ನಿಲ್ಲುತ್ತಾರೆ. ನನಗೆ ವಯಸ್ಸಾಯಿತು, ಗಿಡ ಹತ್ತಲು ನಡುವೆ ಎರಡು ಸಲ ಕೂರಬೇಕು. ಆದರೂ ಹತ್ತಬೇಕು. ಎಲೆಯ ಬುಡದ ನೀರಿನಲ್ಲಿ ಇನ್ನೊಂದು ಕೂಸು ಬಾಲ ಅಲ್ಲಾಡಿಸುತ್ತಿದೆ. ಅದಕ್ಕೂ ಒಂದು ಬರಿಯ ಮೊಟ್ಟೆ ಇಟ್ಟು ಬರುತ್ತೇನೆ. ಹಲ್ಲಿ ಟ್ಯೂಬ್‌ಲೈಟಿನ ಹಿಂದೆಯೇ ಇದೆ.