ಒಣಗದ ಕಾಳು

ಪ್ಲಾಸ್ಟಿಕ್ ಕಾಳನ್ನು ಅಚ್ಚಿನ ಯಂತ್ರಕ್ಕೆ ಸುರಿಯುವ ಮೊದಲು ಬಿಸಿಗಾಳಿಯ ಡಬ್ಬದಲ್ಲಿ ಚೆನ್ನಾಗಿ ಒಣಗಿಸಬೇಕು. ಕಣ್ಣಿಗೆ ಕಾಣದಷ್ಟು ತೇವ ಉಳಿದರೂ ಸಾಕು, ಥಳಥಳ ಹೊಳೆಯುವ ಹೆಲ್ಮೆಟ್ ಒಂದೇ ಏಟಿಗೆ ಸೀಳಿಹೋಗುತ್ತದೆ. ಇದು ಅಕ್ಕನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಹೆಲ್ಮೆಟ್ ಕಾರ್ಖಾನೆಯಲ್ಲಿ ಮುದುಕರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಡಬ್ಬದ ಮೀಟರು ಕೆಟ್ಟು ಎಷ್ಟೋ ಕಾಲವಾಗಿತ್ತು. ರಿಪೇರಿಗೆ ಯಾರಿಗೂ ಅವಸರವಿರಲಿಲ್ಲ, ಅಕ್ಕನ ಅಂಗೈ ಇತ್ತಲ್ಲ. ಡಬ್ಬದ ಮೈ ಮುಟ್ಟಿ ಅವಳು "ಆಯ್ತು, ಬಿಡ್ರಿ" ಅಂದರೆ ಮುಗಿಯಿತು. ಹೊಗಳಿಕೆಗೆ ಅವಳೂ ಉಬ್ಬಿಹೋಗಿದ್ದಳು ಅನ್ನಿ.

ಅವತ್ತು ಅಚ್ಚು ಬದಲಿಸಲೆಂದು ಪಕ್ಕದ ದೊಡ್ಡ ಯಂತ್ರವನ್ನು ಬೆಳಿಗ್ಗೆಯೇ ನಿಲ್ಲಿಸಿದ್ದರು. ಊಟ ಮುಗಿಸಿ ಬಂದ ಅಕ್ಕ ಡಬ್ಬ ಮುಟ್ಟಿದಳು. ತಣ್ಣಗಿತ್ತು. ಫ್ಯಾನು ಗುಂಯ್ಗುಡುತ್ತಲೇ ಇತ್ತು, ಆದರೆ ಬರುತ್ತಿದ್ದುದು ಬರೀ ತಣ್ಣನೆಯ ಗಾಳಿ. ಒಳಗಿನ ಹೀಟರು ಯಾವತ್ತೋ ಸುಟ್ಟುಹೋಗಿತ್ತು. ಇಷ್ಟು ದಿನ ಅವಳ ಅಂಗೈಗೆ ತಾಗಿದ್ದು ಪಕ್ಕದ ಯಂತ್ರದ ಕಾವು.

ಹಾಗಾದರೆ ಈಚಿನ ಮಾಲೆಲ್ಲ ಒಣಗದ ಕಾಳಿನದೇ. ಹೊಸ ಮಾಲಿನ ಮೊದಲ ಹೆಲ್ಮೆಟ್, ಅದನ್ನು ಮಾಡಿದವರ ಮನೆಗೇ ಹೋಗುವುದು ಆ ಕಾರ್ಖಾನೆಯ ವಾಡಿಕೆ. ಮೊನ್ನೆ ಅದನ್ನು ಗಂಡನ ತಲೆಗಿಟ್ಟು ತಾನೇ ಪಟ್ಟಿ ಬಿಗಿದಿದ್ದಳು. ಅವನು ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು.

ಫೋನ್ ಮಾಡಿದಳು, ಅವನು ಎತ್ತಲಿಲ್ಲ. ಯಂತ್ರ ಆರಿಸಿ, ಯಾರು ಕರೆದರೂ ತಿರುಗಿ ನೋಡದೆ ಓಡಿದಳು. ದಾರಿಯುದ್ದಕ್ಕೂ ಕಣ್ಣೆದುರು ಒಂದೇ ಚಿತ್ರ: ಮೇಲಿಂದ ಜಾರುವ ಹಲಗೆ, ಕೆಳಗೆ ಅವನ ತಲೆ. ಅವನು ಬಣ್ಣ ಬಳಿಯುತ್ತಿದ್ದ ಕಟ್ಟಡದ ಬುಡಕ್ಕೆ ಬಂದು ನಿಂತಳು.

ಅವಳನ್ನು ಕಂಡು ಅವನು ಗೋಡೆಗೆ ಕಟ್ಟಿದ ಬಿದಿರಿನ ಸಾರುವೆಯಿಂದ ನಗುತ್ತ ಇಳಿದು ಬಂದ. "ಏನೇ, ಕೆಲಸದಿಂದ ಓಡಿಸಿಬಿಟ್ರಾ?"

ಅಕ್ಕ ಅವನ ತಲೆಯಿಂದ ಹೆಲ್ಮೆಟ್ ಕಿತ್ತು, ಅಲ್ಲಿದ್ದ ಇಟ್ಟಿಗೆಯಿಂದ ಕುಟ್ಟಿದಳು. ಮೊಟ್ಟೆಯ ಚಿಪ್ಪಿನಂತೆ ಅದು ಎರಡು ಹೋಳಾಯಿತು.

"ಕಾಳು ಒಣಗಿರ್ಲಿಲ್ಲ ಕಣ್ರೀ. ನನಗೆ ಗೊತ್ತೇ ಆಗ್ಲಿಲ್ಲ," ಎಂದು ಅಳತೊಡಗಿದಳು. ಗಂಡ ಉಳಿದನಲ್ಲ ಎಂದು ಆ ಒಂದು ಗಳಿಗೆ ಮನಸ್ಸು ತಣ್ಣಗಾಗಿತ್ತು.

ಅವನು ಒಂದು ಹೋಳು ಎತ್ತಿ ನೋಡಿದ. "ನೀನು ಮಾಡಿದ್ದು ಅಂತ ಮೇಸ್ತ್ರಿಗೆ ಹೇಳಿ ಎಲ್ಲರಿಗೂ ಇದನ್ನೇ ತರಿಸಿದೀನಿ. ಬೆಳಿಗ್ಗೆ ತಾನೆ ಹಂಚಿದ್ರು."

ಅಕ್ಕ ತಲೆಯೆತ್ತಿದಳು. ಸಾರುವೆಯ ಉದ್ದಕ್ಕೂ ಹಳದಿ ಹೆಲ್ಮೆಟ್‌ಗಳು ಓಡಾಡುತ್ತಿದ್ದವು. ಎಲ್ಲಕ್ಕಿಂತ ಮೇಲೆ ಹಗ್ಗದಲ್ಲಿ ಹಲಗೆಗಳನ್ನು ಎಳೆದುಕೊಳ್ಳುತ್ತಿದ್ದರು. ಕಾಂಕ್ರೀಟ್ ಮಿಕ್ಸರಿನ ಗದ್ದಲದಲ್ಲಿ ಕೆಳಗಿನ ಕೂಗು ಯಾರಿಗೂ ಕೇಳುವಂತಿರಲಿಲ್ಲ.

ಅವರನ್ನೆಲ್ಲ ಎಚ್ಚರಿಸಲು ಗಂಡ ಆಗಲೇ ಬರಿದಲೆಯಲ್ಲಿ ಏಣಿ ಹತ್ತುತ್ತಿದ್ದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.